ಬಿಲ್ಲು ವರ್ಷಕ್ಕೊಮ್ಮೆ, ಬಾಡಿಗೆ ತಿಂಗಳಿಗೊಮ್ಮೆ

ವಾಸಕ್ಕೆ ಯೋಗ್ಯವಾದ ನಗರಗಳ ಯಾವ ಪಟ್ಟಿಯಲ್ಲೂ ಜಮಖಂಡಿ ಇಲ್ಲ, ಮುಧೋಳವಿಲ್ಲ. ರನ್ನ ಬೆಳಗಲಿಯ ಮಾತಂತೂ ಬೇಡ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರ ಮಾರ್ಚಿನಲ್ಲಿ ಹೊರತಂದ ಸುಗಮ ಜೀವನ ಸೂಚ್ಯಂಕದಲ್ಲಿ 111 ನಗರಗಳಿದ್ದವು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಬೆಂಗಳೂರು ಮೊದಲು, ಪುಣೆ ಎರಡನೆಯದು. ಅದಕ್ಕಿಂತ ಸಣ್ಣವುಗಳಲ್ಲಿ ನಮ್ಮ ದಾವಣಗೆರೆ ಒಂಬತ್ತನೆಯ ಸ್ಥಾನ ಪಡೆದಿತ್ತು. ಸುದ್ದಿ ಓದಿದವರು ಬೆಂಗಳೂರಿನಲ್ಲಿ ಬದುಕು ಹಗುರ ಎಂದುಕೊಂಡರೆ ತಪ್ಪೇನಿಲ್ಲ. ಆದರೆ ಅದೇ ವರದಿಯನ್ನು ಬಿಡಿಸಿ ನೋಡಿದರೆ ಜೀವನದ ಗುಣಮಟ್ಟ ಎಂಬ ವಿಭಾಗದಲ್ಲಿ ಮುಂದಿದ್ದದ್ದು ಚೆನ್ನೈ. ಬೆಂಗಳೂರು ಎಲ್ಲರನ್ನೂ ಹಿಂದೆ ಹಾಕಿದ್ದು ಆರ್ಥಿಕ ಸಾಮರ್ಥ್ಯದಲ್ಲಿ. ಅಲ್ಲಿ ದುಡಿಮೆ ಇದೆ ಎನ್ನುವುದನ್ನು ಹೇಳಲು ಸೂಚ್ಯಂಕ ಬೇಕಿರಲಿಲ್ಲ, ನಮ್ಮೂರ ಬಸ್‌ಸ್ಟ್ಯಾಂಡಿನಿಂದ ರಾತ್ರಿ ಹೊರಡುವ ಬೆಂಗಳೂರು ಬಸ್ಸುಗಳೇ ಸಾಕಿತ್ತು.

ಜಾಗತಿಕ ಪಟ್ಟಿಗಳಂತೂ ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಮರ್ಸರ್ ಎಂಬ ಸಂಸ್ಥೆಯ ಜೀವನವೆಚ್ಚದ ಪಟ್ಟಿ ನ್ಯೂಯಾರ್ಕನ್ನು ಅಳತೆಗೋಲಾಗಿ ಇಟ್ಟುಕೊಂಡದ್ದು. ಕಂಪನಿಗಳು ತಮ್ಮ ಅಧಿಕಾರಿಗಳನ್ನು ಬೇರೆ ದೇಶಕ್ಕೆ ಕಳಿಸುವಾಗ ಎಷ್ಟು ಭತ್ಯೆ ಕೊಡಬೇಕು ಎಂದು ತಿಳಿಯಲು ಮಾಡಿದ್ದು. ತಿಂಗಳ ಒಂದನೇ ತಾರೀಖಿಗೆ ಸಂಬಳ ಬರುವ ಮನೆಗೆ ಇಂಥ ಲೆಕ್ಕ ಸ್ವಲ್ಪವಾದರೂ ಹೊಂದೀತು. ಕಬ್ಬಿನ ಬಿಲ್ಲಿನ ಮೇಲೆ ಅಥವಾ ಮಗ್ಗದ ಮೇಲೆ ನಿಂತ ಮನೆಗೆ ಹೊಂದುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಮನೆಗಳು ಇಂಥವೇ.

ಕಬ್ಬಿನ ಮನೆಯ ಲೆಕ್ಕ

ಒಂದು ಉದಾಹರಣೆ ಹಾಕೋಣ. ನಾಲ್ಕು ಎಕರೆ ಕಬ್ಬು, ಎಕರೆಗೆ 40 ಟನ್, ಟನ್ನಿಗೆ 3,300 ರೂಪಾಯಿ. ಒಟ್ಟು 5,28,000. ಗೊಬ್ಬರ, ನೀರು, ಆಳು, ಸೊಸೈಟಿ ಸಾಲದ ಕಂತು ಎಲ್ಲ ಹೋಗಿ ಅರ್ಧ ಉಳಿಯಿತು ಎನ್ನಿ. ತಿಂಗಳಿಗೆ ಹಂಚಿದರೆ 22,000. ಊರಲ್ಲಿ ಸ್ವಂತ ಮನೆ, ಮನೆಯ ಜೋಳ, ಹಿತ್ತಲಲ್ಲಿ ಒಂದು ಎಮ್ಮೆ ಇದ್ದಾಗ ಈ 22,000 ಕಡಿಮೆಯೇನಲ್ಲ. ಅದೇ ಕುಟುಂಬ ನಗರಕ್ಕೆ ಹೋಗಿ 10,000 ರೂಪಾಯಿಯ ಬಾಡಿಗೆ ಮನೆ ಹಿಡಿದರೆ ಹತ್ತಿರ ಹತ್ತಿರ ಅರ್ಧ ಅಲ್ಲೇ ಹೋಯಿತು. ಜೋಳ, ಹಾಲು, ಕಾಯಿಪಲ್ಲೆಗೆ ಕೈಯಿಂದ ಕೊಡುವುದು ಹೊಸದಾಗಿ ಶುರುವಾಯಿತು. ಹೊಲವನ್ನು ಲಾವಣಿಗೆ ಕೊಟ್ಟರೆ ಆದಾಯವೂ ಇಳಿಯಿತು.

ಅದಕ್ಕಿಂತ ದೊಡ್ಡ ತೊಡಕು ದುಡ್ಡು ಬರುವ ಹೊತ್ತಿನದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಪಾವತಿಯಾಗಬೇಕು. ಆಗುತ್ತದೆಯೋ ಇಲ್ಲವೋ ಎಂಬುದನ್ನು ಈ ಭಾಗದವರಿಗೆ ನಾನು ಹೇಳಬೇಕಿಲ್ಲ. ದರಕ್ಕಾಗಿ 2025ರ ನವೆಂಬರಿನಲ್ಲಿ ಮುಧೋಳ ಭಾಗದಲ್ಲಿ ನಡೆದ ಹೋರಾಟವೂ ಯಾರಿಗೂ ಮರೆತಿಲ್ಲ. ಊರಲ್ಲಿದ್ದರೆ ಬಿಲ್ಲು ತಡವಾದಾಗ ಕಿರಾಣಿ ಅಂಗಡಿಯವರು ಉದ್ರಿ ಕೊಡುತ್ತಾರೆ, ಗೊಬ್ಬರದ ಅಂಗಡಿಯವರು ಕಾಯುತ್ತಾರೆ. ನಗರದ ಮನೆಮಾಲೀಕರು ಐದನೇ ತಾರೀಖು ದಾಟಿದರೆ ಫೋನ್ ಮಾಡುತ್ತಾರೆ. ಆದ್ದರಿಂದ ಯಾವ ಊರು ಅಗ್ಗ ಎಂದು ಕೇಳುವ ಮೊದಲು ಬಿಲ್ಲು ಅರ್ಧ ವರ್ಷ ತಡವಾದರೂ ಆ ಊರಲ್ಲಿ ನಿಲ್ಲಲು ಆಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಆರು ತಿಂಗಳ ಬಾಡಿಗೆ ಮತ್ತು ಮಕ್ಕಳ ಒಂದು ಕಂತಿನ ಫೀ ಬೇರೆ ಖಾತೆಯಲ್ಲಿ ಇಡಲಾಗದಿದ್ದರೆ ಆ ವರ್ಷ ಹೊರಡದಿರುವುದೇ ವಾಸಿ.

ರಬಕವಿ-ಬನಹಟ್ಟಿಯ ನೇಕಾರರ ಲೆಕ್ಕ ಇನ್ನೂ ಬೇರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮಗ್ಗ ಇರುವುದು ಮನೆಯೊಳಗೇ. ಒಬ್ಬರು ಊಟಕ್ಕೆ ಎದ್ದರೆ ಇನ್ನೊಬ್ಬರು ಕೂಡುತ್ತಾರೆ, ಅತ್ತೆ ಕಂಡಿಕೆ ಸುತ್ತುತ್ತಾರೆ. ಇಂಥ ಮನೆ ಬಿಟ್ಟು ಹೋಗುವುದೆಂದರೆ ವಾಸದ ಜೊತೆಗೆ ಕಾರ್ಖಾನೆಯನ್ನೂ ಬಿಟ್ಟು ಹೋದಂತೆ. ಬೇರೆ ನಗರದಲ್ಲಿ ಮಗ್ಗ ಹಾಕಲು ಶೆಡ್ಡಿಗೊಂದು ಬಾಡಿಗೆ, ಮನೆಗೊಂದು ಬಾಡಿಗೆ. ಮೇಲಾಗಿ ಮನೆಯ ಹೆಂಗಸರ ದುಡಿಮೆಯ ತಾಸುಗಳು ಕೈತಪ್ಪುತ್ತವೆ. ಅವು ಯಾವ ಪಾಸ್‌ಬುಕ್ಕಿನಲ್ಲೂ ಇಲ್ಲದ್ದರಿಂದ ಹೊರಡುವಾಗ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಯಾವುದು ತುಟ್ಟಿ, ಯಾವುದು ಅಲ್ಲ

ನಗರ ತುಟ್ಟಿ ಎನ್ನುವಾಗ ಜನ ಮೊದಲು ಕಿರಾಣಿಯ ಮಾತೆತ್ತುತ್ತಾರೆ. ನಿಜವಾಗಿ ನಂದಿನಿ ಹಾಲು, ಗ್ಯಾಸ್ ಸಿಲಿಂಡರು, ಎಣ್ಣೆ, ಸಕ್ಕರೆ ಇವುಗಳ ಬೆಲೆ ಮುಧೋಳದಲ್ಲಿ ಒಂದು, ಬೆಂಗಳೂರಲ್ಲಿ ಇನ್ನೊಂದು ಎನ್ನುವಷ್ಟು ಬೇರೆಯಿಲ್ಲ. ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿ ಎಲ್ಲೆಡೆ ಒಂದೇ, ಬಾಡಿಗೆದಾರರಿಗೂ ಸಿಗುತ್ತದೆ. ಹಳೆಯ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿಕೊಂಡು ಹೊಸ ಮನೆಗೆ ಜೋಡಿಸಬೇಕು, ಅಷ್ಟೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ 2023ರ ಜೂನ್ 11ರಿಂದ ಇದೆ. ಗಂಡಸರ ಟಿಕೆಟ್ಟು 2025ರ ಜನವರಿಯಲ್ಲಿ ಶೇ 15ರಷ್ಟು ಏರಿತು.

ಬೇರೆಯಾಗುವುದು ಬಾಡಿಗೆ, ಶಾಲೆಯ ಫೀ, ಓಡಾಟ. ಕೇಂದ್ರ ಸರ್ಕಾರ 2012ನ್ನು ಆಧಾರ ವರ್ಷವಾಗಿಟ್ಟು ಬಹುಕಾಲ ನಡೆಸಿದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಳ್ಳಿಯ ಮಟ್ಟಿಗೆ ಮನೆಬಾಡಿಗೆ ಎಂಬ ಬಾಬತ್ತೇ ಇರಲಿಲ್ಲ. ನಗರದ ಸೂಚ್ಯಂಕದಲ್ಲಿ ವಸತಿಗೆ ಶೇ 21.67ರ ಪಾಲು ಇತ್ತು. 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯಂತೆ ದೇಶದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ನಗರದಲ್ಲಿ 6,996. ಐದು ಜನರ ಮನೆಗೆ ಈ ಅಂತರ 14,000 ದಾಟುತ್ತದೆ.

ರಾಜ್ಯ ಸರ್ಕಾರವೂ ಒಂದು ಅಳತೆ ಇಟ್ಟುಕೊಂಡಿದೆ. ತನ್ನ ನೌಕರರಿಗೆ ಕೊಡುವ ಮನೆಬಾಡಿಗೆ ಭತ್ಯೆ ಏಳನೇ ವೇತನ ಆಯೋಗದ ನಂತರ ಬೆಂಗಳೂರಿನಲ್ಲಿ ಮೂಲವೇತನದ ಶೇ 20, ನಮ್ಮಂಥ ಸಣ್ಣ ಊರುಗಳಲ್ಲಿ ಶೇ 7.5. ಮೂಲವೇತನ 50,000 ಇದ್ದವರಿಗೆ ಅಲ್ಲಿ 10,000, ಇಲ್ಲಿ 3,750. ಬೆಂಗಳೂರಿನ ಬಾಡಿಗೆ ಕಟ್ಟುವವರು ಈ ಹತ್ತು ಸಾವಿರವನ್ನು ಕೇಳಿ ನಕ್ಕಾರು. ಆದರೂ ಎರಡರ ನಡುವಿನ ದೂರವನ್ನು ಸರ್ಕಾರವೇ ಒಪ್ಪಿಕೊಂಡಿದೆ ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಖರ್ಚು ಯಾವ ಸಮೀಕ್ಷೆಗೂ ಸಿಕ್ಕದ್ದು. ನಗರಕ್ಕೆ ಹೋದವರು ಊರನ್ನು ಪೂರ್ತಿ ಬಿಡುವುದಿಲ್ಲ. ಜಾತ್ರೆ, ಲಗ್ನ, ಕಾರಹುಣ್ಣಿಮೆ, ತಂದೆತಾಯಿಯ ದವಾಖಾನೆ, ಕಬ್ಬು ಕಡಿಯುವ ಗ್ಯಾಂಗ್ ಬಂದ ದಿನ, ಹೀಗೆ ಬಂದು ಹೋಗುವುದು ಇದ್ದೇ ಇರುತ್ತದೆ. ಹತ್ತಿರದ ಊರಿಗೂ ದೂರದ ಊರಿಗೂ ಹೋಲಿಕೆ ಮಾಡುವವರು ವರ್ಷದ ಇಂಥ ತಿರುಗಾಟವನ್ನು ಬರೆದಿಡದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಶಾಲೆ: ಎಲ್ಲರೂ ಮರೆಯುವ ಹತ್ತು ವರ್ಷ

ಮನೆ ಬದಲಿಸುವ ಮಾತು ಬಂದಾಗ ನೂರಕ್ಕೆ ತೊಂಬತ್ತು ಮಂದಿ ಕೊಡುವ ಕಾರಣ ಮಕ್ಕಳ ಓದು. ಸಾಮಾನ್ಯವಾಗಿ ಒಂದನೇ ತರಗತಿಗೇ ಹೊರಡುತ್ತಾರೆ. ಇದು ಅವಸರ ಎಂದು ನನ್ನ ಅನಿಸಿಕೆ. ಅದಕ್ಕೆ ಕಾರಣ ಸರ್ಕಾರದ ನಿಯಮದಲ್ಲೇ ಇದೆ. ಸಿಇಟಿ ಮೂಲಕ ವೃತ್ತಿಶಿಕ್ಷಣಕ್ಕೆ ಹೋಗುವಾಗ ಒಂದರಿಂದ ಹತ್ತನೇ ತರಗತಿವರೆಗೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15ರ ಮೀಸಲು ಇದೆ. ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5. ಒಂದೇ ಒಂದು ವರ್ಷ ಪಟ್ಟಣದ ಶಾಲೆಗೆ ಹಾಕಿದರೂ ಗ್ರಾಮೀಣ ಪ್ರಮಾಣಪತ್ರ ಕೈಬಿಡುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371(ಜೆ) ಸೌಲಭ್ಯ ಬಾಗಲಕೋಟೆಗೆ ಇಲ್ಲವಾದ್ದರಿಂದ ನಮ್ಮ ಮಕ್ಕಳ ಕೈಯಲ್ಲಿ ಇರುವುದು ಇವೇ.

ಇಲ್ಲೊಂದು ಸಿಕ್ಕು ಇದೆ. ಗ್ರಾಮೀಣ ಎಂದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಹೊರಗಿನ ಪ್ರದೇಶ. ರನ್ನ ಬೆಳಗಲಿ ಈಗ ಪಟ್ಟಣ ಪಂಚಾಯಿತಿ. ನೋಡಲು ಹಳ್ಳಿ, ಸುತ್ತಲೂ ಕಬ್ಬು, ಆದರೆ ಕಾಗದದ ಮೇಲೆ ಪಟ್ಟಣ. ಊರು ಮೇಲ್ದರ್ಜೆಗೇರಿತು ಎಂದು ಎಲ್ಲರೂ ಹಿಗ್ಗುವಾಗ ಈ ಮಾತನ್ನು ಯಾರೂ ಹೇಳುವುದಿಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ಮೊದಲು ಆ ಶಾಲೆ ಯಾವ ವ್ಯಾಪ್ತಿಯಲ್ಲಿ ಬರುತ್ತದೆ ಎಂದು ಮುಖ್ಯಶಿಕ್ಷಕರನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯನ್ನು ಕೇಳಿ. ಪಕ್ಕದ ಗ್ರಾಮ ಪಂಚಾಯಿತಿಯ ಶಾಲೆ ಎರಡು ಕಿಲೋಮೀಟರ್ ದೂರದಲ್ಲಿದ್ದು ಚೆನ್ನಾಗಿ ನಡೆಯುತ್ತಿದ್ದರೆ ಯೋಚಿಸುವಂಥದ್ದೇ. ಹಾಗೆಂದು ಮೀಸಲಾತಿಯ ಆಸೆಗೆ ಮಾಸ್ತರೇ ಇಲ್ಲದ ಶಾಲೆಯಲ್ಲಿ ಮಗುವನ್ನು ಹತ್ತು ವರ್ಷ ಕೂಡಿಸುವುದು ಮೂರ್ಖತನ.

ಆರನೇ ತರಗತಿಗೆ ಇನ್ನೊಂದು ದಾರಿ ತೆರೆಯುತ್ತದೆ: ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಜೊತೆಗೆ ವಿಜಯಪುರದ ಸೈನಿಕ ಶಾಲೆ. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿಯ ಮಕ್ಕಳದು. ಮಗು ವಸತಿ ಶಾಲೆಗೆ ಆಯ್ಕೆಯಾದರೆ ಇಡೀ ಕುಟುಂಬ ಊರು ಬಿಡುವ ಪ್ರಶ್ನೆಯೇ ಇಲ್ಲ. ಸಾವಿರ ವರ್ಷದ ಹಿಂದೆ ಇದೇ ಸೀಮೆಯ ಬಳೆಗಾರರ ಮನೆಯ ಹುಡುಗ ರನ್ನ ವಿದ್ಯೆಗಾಗಿ ಶ್ರವಣಬೆಳಗೊಳದ ಅಜಿತಸೇನಾಚಾರ್ಯರ ಬಳಿಗೆ ಹೋದ. ಬಳೆಯ ಮಲಾರ ಹೊತ್ತು ಅವನಪ್ಪ ಅವ್ವ ಹಿಂದೆಯೇ ಹೋಗಿ ಬೆಳಗೊಳದಲ್ಲಿ ಮನೆ ಮಾಡಿದರು ಎಂದು ಎಲ್ಲೂ ಕೇಳಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಕಥೆ ಬೇರೆ. ವಿಜ್ಞಾನ ಪಿಯು, ನೀಟ್, ಸಿಇಟಿ ತರಬೇತಿ ಬೇಕಾದರೆ ವಿಜಯಪುರ, ಬಾಗಲಕೋಟೆ ಅಥವಾ ಧಾರವಾಡಕ್ಕೆ ಹೋಗಬೇಕಾಗುತ್ತದೆ. ಎರಡು ವರ್ಷದ ಹಾಸ್ಟೆಲ್ ಖರ್ಚನ್ನು ಎರಡು ವರ್ಷದ ಬಾಡಿಗೆ ಮನೆಯ ಖರ್ಚಿನ ಎದುರು ಇಟ್ಟು ನೋಡಿ. ಮಗು ಒಂದೇ ಆಗಿದ್ದರೆ ಹೆಚ್ಚಿನ ಮನೆಗಳಿಗೆ ಹಾಸ್ಟೆಲ್ಲೇ ಅಗ್ಗ. ಹಿಂದೆ ಮುಂದೆ ಇಬ್ಬರು ಮಕ್ಕಳು ಓದುವವರಿದ್ದರೆ ಅಜ್ಜಿಯೋ ತಾಯಿಯೋ ಜೊತೆಗಿದ್ದು ಸಣ್ಣ ಮನೆ ಹಿಡಿಯುವುದು ಸರಿಬೀಳುತ್ತದೆ.

ಒಂದೊಂದೇ ಊರು

ಈ ನಾಲ್ಕು ತಾಲ್ಲೂಕು ಬೇರೆ ಬೇರೆ ಊರುಗಳಂತೆ ಕಂಡರೂ ಜನ ಬದುಕುವ ಬಗೆ ನೋಡಿದರೆ ಹರಡಿಕೊಂಡ ಒಂದೇ ಪಟ್ಟಣ. ಬೆಲ್ಲ ಮಾರಲು ಮಹಾಲಿಂಗಪುರ, ಸೀರೆಗೆ ಬನಹಟ್ಟಿ, ಕಾಲೇಜಿಗೆ ಜಮಖಂಡಿ, ಆಫೀಸಿನ ಕೆಲಸಕ್ಕೆ ಮುಧೋಳ. ಮಲಗುವ ಊರು ಒಂದು, ಕೆಲಸದ ಊರು ಇನ್ನೊಂದು ಎನ್ನುವುದು ಇಲ್ಲಿ ಹೊಸದೇನಲ್ಲ. ಮೋಟರ್‌ಸೈಕಲ್ಲಿನ ಅರ್ಧ ತಾಸಿನಲ್ಲಿ ಬೇಕಾದ್ದು ಸಿಗುವಾಗ ಬೆಳಗಲಿಯಿಂದ ಮುಧೋಳಕ್ಕೆ ಮನೆ ಬದಲಿಸುವುದರಿಂದ ಸಿಗುವ ಲಾಭ ಸ್ವಲ್ಪವೇ. ಹಂಗಾಮಿನಲ್ಲಿ ಮಾತ್ರ ಎಚ್ಚರ ಬೇಕು. ಹಿಂದೆ ಲೈಟಿಲ್ಲದ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳ ಬೆನ್ನಿಗೆ ರಾತ್ರಿ ಗಾಡಿ ಓಡಿಸುವುದು ಇಲ್ಲಿಯ ಜೀವನಮಟ್ಟದ ಅತಿ ದೊಡ್ಡ ಕೊರತೆ ಎಂದರೆ ಉತ್ಪ್ರೇಕ್ಷೆಯಲ್ಲ. ಸಕ್ಕರೆ ಕಾರ್ಖಾನೆಯ ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ನೋಡುವವರು ನವೆಂಬರಿನಿಂದ ಮಾರ್ಚಿನೊಳಗೆ ಒಮ್ಮೆ ಹೋಗಿ ತಾರಸಿಯ ಮೇಲೆ ಕೈಯಾಡಿಸಿ ನೋಡಬೇಕು.

ನಾಲ್ಕರಲ್ಲಿ ಒಂದನ್ನು ಆರಿಸಿ ಎಂದರೆ ನಾನು ಜಮಖಂಡಿ ಎನ್ನುತ್ತೇನೆ. ಪಟವರ್ಧನರ ಸಂಸ್ಥಾನದ ಕಾಲದಿಂದ ಓದಿನ ಊರು. ವಿಜಯಪುರ ಅಲ್ಲಿಂದ ಸುಮಾರು 60 ಕಿಲೋಮೀಟರ್. ಬಾಗಲಕೋಟೆ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಆದರೆ ಹೊಸದಾಗಿ ಹುಟ್ಟಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರ 2025ರಲ್ಲಿ ಸಂಪುಟ ಉಪಸಮಿತಿಯಿಂದಲೇ ಬಂದಿತ್ತು, ಅದರಲ್ಲಿ ಇದೂ ಇತ್ತು. ಅದನ್ನೇ ನಂಬಿ ಪಕ್ಕದಲ್ಲಿ ಪ್ಲಾಟ್ ಹಿಡಿಯುವುದು ಬೇಡ. ಬೀಳಗಿ ಸಣ್ಣದು, ಸಾವಕಾಶದ ಊರು. ಬಾಗಲಕೋಟೆ ಹತ್ತಿರ ಎನ್ನುವುದೇ ಅದರ ಬಲ.

ಬಾಗಲಕೋಟೆಯ ನವನಗರ ಕುಟುಂಬವಾಸಕ್ಕೆ ಈ ಭಾಗದಲ್ಲಿ ಒಳ್ಳೆಯ ಆಯ್ಕೆ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಸೆಕ್ಟರು ಹಾಕಿ ಕಟ್ಟಿದ ಊರು, ಹಾಗಾಗಿ ರಸ್ತೆ ಅಗಲ. ಜಿಲ್ಲಾಸ್ಪತ್ರೆ, ಬಿವಿವಿ ಸಂಘದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜು, ತೋಟಗಾರಿಕೆ ವಿಶ್ವವಿದ್ಯಾಲಯ, ರೈಲು, ಎಲ್ಲವೂ ಒಂದೇ ಊರಲ್ಲಿ. ಕೊರತೆ ಎಂದರೆ ಓದು ಮುಗಿಸಿದ ಮಕ್ಕಳಿಗೆ ಅಲ್ಲಿ ಉದ್ಯೋಗ ಕಡಿಮೆ.

ಬೆಳಗಾವಿ ಮತ್ತು ಹುಬ್ಬಳ್ಳಿ-ಧಾರವಾಡದಲ್ಲಿ ಉದ್ಯೋಗವೂ ಇದೆ, ಬಾಡಿಗೆಯೂ ಬೆಂಗಳೂರಿನಷ್ಟಿಲ್ಲ. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆ, ಧಾರವಾಡದ ಕರ್ನಾಟಕ ಮತ್ತು ಕೃಷಿ ವಿಶ್ವವಿದ್ಯಾಲಯಗಳು, 2016ರಲ್ಲಿ ಬಂದ ಐಐಟಿ ಇವೆಲ್ಲ ಗೊತ್ತಿರುವುದೇ. ಮನೆ ನೋಡುವಾಗ ಕೇಳಬೇಕಾದ್ದು ನೀರಿನ ವಿಚಾರ. ಈ ನಗರಗಳ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ ದಿನದ 24 ತಾಸು ನೀರು ಬರತೊಡಗಿತು, ಉಳಿದೆಡೆ ದಿನಗಟ್ಟಲೆ ಕಾಯುವ ಪರಿಸ್ಥಿತಿ ಮುಂದುವರಿಯಿತು. ಒಂದೇ ನಗರ, ಎರಡು ಬದುಕು. ಮನೆಮಾಲೀಕರನ್ನು ಕೇಳಿದರೆ ದಿನಾ ಬರುತ್ತದೆ ಎನ್ನುತ್ತಾರೆ. ಪಕ್ಕದ ಮನೆಯವರ ಬ್ಯಾರಲ್ಲುಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ.

ಸಾಂಗ್ಲಿ-ಮಿರಜ ಈ ಭಾಗದವರಿಗೆ ದವಾಖಾನೆಯ ಊರು. 1894ರಲ್ಲಿ ಶುರುವಾದ ಮಿರಜಿನ ವಾನ್ಲೆಸ್ ಆಸ್ಪತ್ರೆಯ ಕಾಲದಿಂದ ಅಲ್ಲಿಗೆ ಹೋಗುವ ರೂಢಿ. ಚಿಕಿತ್ಸೆಗೆ ಹೋಗಿ ಬರುವುದು ಒಂದು, ಸಂಸಾರ ಹೂಡುವುದು ಇನ್ನೊಂದು. ಗಡಿ ದಾಟಿದರೆ ಮಕ್ಕಳ ಶಾಲೆ ಮರಾಠಿಗೆ ತಿರುಗುತ್ತದೆ, ರಾಜ್ಯದ ಯೋಜನೆಗಳ ಕಾರ್ಡು ನಡೆಯುತ್ತದೆಯೇ ಎಂದು ಪ್ರತಿ ಬಾರಿ ವಿಚಾರಿಸಬೇಕಾಗುತ್ತದೆ. ಇಲ್ಲಿ ಉಳಿದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಇದೆ: ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000.

ಬೆಂಗಳೂರು, ಪುಣೆ? ದುಡಿಯುವ ಇಬ್ಬರಿಗೂ ತಿಂಗಳ ಸಂಬಳ ಇದ್ದರೆ ಹೋಗಿ. ಹೊಲದ ದುಡ್ಡಿನಿಂದ ಅಲ್ಲಿ ಸಂಸಾರ ನಡೆಸುವ ಯೋಚನೆ ಬೇಡ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದು, 2025ರ ಫೆಬ್ರುವರಿಯಲ್ಲಿ ಮೆಟ್ರೊ ಟಿಕೆಟ್ಟಿನ ಗರಿಷ್ಠ ದರ 60ರಿಂದ 90ಕ್ಕೆ ಏರಿದ್ದು, ಇವೆಲ್ಲ ಸಂಬಳದವರನ್ನೇ ಬಳಲಿಸಿದವು.

ಪರಿಹಾರದ ದುಡ್ಡು ಮತ್ತು ಪ್ಲಾಟು

ಊರು ಹೋಲಿಸುವ ಮಾತು ಈಗ ಬಿಸಿಯಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದಾಗ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದರ ಗೊತ್ತುಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಬೀಳಗಿ, ಜಮಖಂಡಿಯ ನದಿದಂಡೆಯ ಮನೆಗಳಲ್ಲಿ ಈ ಅಂಕಿ ಎಲ್ಲರ ಬಾಯಲ್ಲಿದೆ. ಪ್ಲಾಟಿನ ದಲ್ಲಾಳಿಗಳ ಬಾಯಲ್ಲಿ ಇನ್ನೂ ಹೆಚ್ಚು. ಹಣ ಕೈಸೇರಿದವರು ಮೊದಲ ವರ್ಷ ಏನನ್ನೂ ಕೊಳ್ಳದೆ, ಹೋಗಬೇಕೆಂದಿರುವ ಊರಲ್ಲಿ ಬಾಡಿಗೆಗೆ ಇದ್ದು ನೋಡುವುದು ಒಳ್ಳೆಯದು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೆ ಆ ಊರಿನ ನೀರು, ಚರಂಡಿ, ನೆರೆಹೊರೆ ಎಲ್ಲ ತಿಳಿಯುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು 2019ರ ಆಗಸ್ಟಿನ ನೆರೆ ಎಲ್ಲಿಯವರೆಗೆ ಬಂದಿತ್ತು ಎನ್ನುವುದನ್ನು. ಘಟಪ್ರಭೆ, ಕೃಷ್ಣೆ ಎರಡೂ ಆಗ ತಮ್ಮ ಗಡಿಯನ್ನು ಗೋಡೆಗಳ ಮೇಲೆ ಬರೆದು ಹೋಗಿವೆ, ಹೊಸ ಬಣ್ಣ ಬಳಿದಿದ್ದರೆ ಹಳಬರನ್ನು ಕೇಳಿ. ಆಮೇಲೆ ಎನ್‌ಎ ಆದೇಶ, ಉತಾರ. ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ್ದನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ, ಮುದ್ರಾಂಕ ಶುಲ್ಕ ಬೇರೆ. ರೈಲು ಬರುತ್ತದೆ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಬಾಗಲಕೋಟೆ-ಕುಡಚಿ ಮಾರ್ಗ 2010-11ರಲ್ಲೇ ಮಂಜೂರಾಗಿದ್ದನ್ನು ನೆನಪಿಸಿ.

ಹೊರಡುವ ತಿಂಗಳನ್ನೂ ಆರಿಸಿಕೊಳ್ಳಬಹುದು. ಹಂಗಾಮು ಮುಗಿದು ಬಿಲ್ಲಿನ ದೊಡ್ಡ ಪಾಲು ಬಂದು, ಶಾಲೆ ಇನ್ನೂ ಶುರುವಾಗದ ಏಪ್ರಿಲ್-ಮೇ ಎಲ್ಲಕ್ಕಿಂತ ಅನುಕೂಲ. ಬೇಸಿಗೆಯಾದ್ದರಿಂದ ಹೊಸ ಊರಿನ ನೀರಿನ ನಿಜವೂ ಆಗಲೇ ಗೊತ್ತಾಗುತ್ತದೆ. ಊರಿನ ಮನೆಗೆ ಬೀಗ ಹಾಕಿದರೂ ಪಿಕೆಪಿಎಸ್ ಸೊಸೈಟಿಯ ಸದಸ್ಯತ್ವ, ಕಾರ್ಖಾನೆಯ ಷೇರು, ಜಮೀನಿನ ಉತಾರದ ಮೇಲಿನ ಹೆಸರು ಇವನ್ನು ಹಾಗೇ ಉಳಿಸಿಕೊಳ್ಳಿ. ಯಶಸ್ವಿನಿಯ ಕಂತನ್ನು ನೋಂದಣಿಯ ಗಡುವಿನೊಳಗೆ ಕಟ್ಟಿಬಿಡಿ, ಒಮ್ಮೆ ತಪ್ಪಿದರೆ ಮುಂದಿನ ನೋಂದಣಿ ತೆರೆಯುವವರೆಗೆ ಕಾಯಬೇಕಾಗುತ್ತದೆ.